3 × 3 ಮೀಟರ್ ಸ್ಟಾಲ್: ವಸ್ತುಪ್ರದರ್ಶನಕ್ಕೆ ಯಂತ್ರ ಹೊರಡಿಸುವ ಮುನ್ನ

ಹಾಲ್‌ನಲ್ಲಿ ಸ್ಟಾಲ್ ಕಟ್ಟುವ ದಿನ ಎದುರಾಗುವ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಒಂದೂವರೆ ತಿಂಗಳ ಹಿಂದೆ, ಆಯೋಜಕರ ಕೈಪಿಡಿ ಓದದೆ ತುಂಬಿ ಕಳಿಸಿದ ಫಾರಂಗಳಲ್ಲಿ. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಪೀಣ್ಯದ ಒಂದು ಸಣ್ಣ ಘಟಕ. ಪ್ರದರ್ಶನ ನಡೆಯುವುದು ತುಮಕೂರು ರಸ್ತೆಯ ಮಾದಾವರದಲ್ಲಿ, ಎಲ್ಲರೂ ಬಿಐಇಸಿ ಎನ್ನುವ ಬೆಂಗಳೂರು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ. ಜಾಗ 9 ಚದರ ಮೀಟರ್. ತೋರಿಸಬೇಕಾದ್ದು 3 ಎಚ್‌ಪಿ ಮೋಟಾರಿನ ಒಂದು ಯಂತ್ರ ಮತ್ತು ಒಂದಿಷ್ಟು ಬಿಡಿಭಾಗ.

ಜಾಗ ಎರಡು ಬಗೆ. ರಾ ಸ್ಪೇಸ್ ಎಂದರೆ ಬರೀ ನೆಲ. ಗೋಡೆ, ಕಾರ್ಪೆಟ್, ದೀಪ ಎಲ್ಲ ನಿಮ್ಮದೇ. ಮೊದಲ ಸಲದವರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು. ಶೆಲ್ ಸ್ಕೀಮ್‌ನಲ್ಲಿ ಅಲ್ಯೂಮಿನಿಯಂ ಕಂಬಗಳ ನಡುವೆ ಬಿಳಿ ಪ್ಯಾನೆಲ್ ಕೂರಿಸಿದ ಗೋಡೆ, ಹೆಸರಿನ ಪಟ್ಟಿ, ಕಾರ್ಪೆಟ್, ಒಂದು ಟೇಬಲ್, ಎರಡು ಕುರ್ಚಿ, ಮೂರು ಸ್ಪಾಟ್‌ಲೈಟ್, ಒಂದು 5 ಆಂಪ್ ಸಾಕೆಟ್ ಸಾಮಾನ್ಯವಾಗಿ ಸಿಗುತ್ತವೆ. ಪಟ್ಟಿಯಲ್ಲಿ ಇಲ್ಲದ್ದು ಬಾಡಿಗೆಗೆ ಬರುತ್ತದೆ, ಆದರೆ ಕೊನೆಯ ದಿನಾಂಕ ದಾಟಿದರೆ ದರ ಏರುತ್ತದೆ. ಹಣ ಸ್ವಲ್ಪ ಹೆಚ್ಚಾದರೂ ಎರಡು ಕಡೆ ತೆರೆದ ಮೂಲೆಯ ಸ್ಟಾಲ್ ವಾಸಿ. ಹಾಲ್ ನಕ್ಷೆ ಬಂದಾಗ ನಿಮ್ಮ ಜಾಗದಲ್ಲಿ ಕಂಬವೋ ಬೆಂಕಿ ಆರಿಸುವ ಪೈಪಿನ ಪೆಟ್ಟಿಗೆಯೋ ಇದೆಯೇ ಎಂದು ನೋಡಿಕೊಳ್ಳಿ. ಆ ಪೆಟ್ಟಿಗೆಯ ಮುಂದೆ ಏನನ್ನೂ ಇಡಲು ಬಿಡುವುದಿಲ್ಲ.

ವಿದ್ಯುತ್ತಿನ ಫಾರಂ

ಅತಿ ಹೆಚ್ಚು ಎಡವಟ್ಟು ಆಗುವುದು ಇಲ್ಲಿ. 3 ಎಚ್‌ಪಿ ಎಂದರೆ 2.2 ಕಿಲೋವ್ಯಾಟ್. ಕಂಟ್ರೋಲ್ ಪ್ಯಾನೆಲ್, ಟಿವಿ, ಲ್ಯಾಪ್‌ಟಾಪ್, ಹೆಚ್ಚುವರಿ ದೀಪ ಸೇರಿ ಇನ್ನೊಂದು 0.8 ಎಂದಿಟ್ಟುಕೊಳ್ಳಿ. ಒಟ್ಟು 3 ಬಂದರೆ ಫಾರಂನಲ್ಲಿ 4 ಎಂದು ಬರೆಯಿರಿ, ಜೊತೆಗೆ ತ್ರೀ ಫೇಸ್, 415 ವೋಲ್ಟ್ ಎಂದು ಸ್ಪಷ್ಟವಾಗಿ. ಬರೀ ‘4 ಕಿಲೋವ್ಯಾಟ್’ ಎಂದು ಬರೆದವರಿಗೆ ಸಿಂಗಲ್ ಫೇಸ್ ತಂತಿ ಬಂದು ನಿಂತಿರುತ್ತದೆ.

ಇಷ್ಟಾದರೂ ಯಂತ್ರ ಶುರು ಮಾಡಿದ ಕ್ಷಣ ಎಂಸಿಬಿ (ಮಿತಿ ಮೀರಿ ಕರೆಂಟ್ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುವುದುಂಟು. ಓಡುವಾಗ ಈ ಮೋಟಾರ್ ಎಳೆಯುವುದು ಸುಮಾರು 5 ಆಂಪಿಯರ್. ಮೋಟಾರಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಡುವ ಡಿಒಎಲ್ ಸ್ಟಾರ್ಟರ್‌ನಲ್ಲಿ ಹೊರಡುವಾಗ ಅದರ ಆರು ಪಟ್ಟು, ಅಂದರೆ 30ರ ಆಸುಪಾಸು. ಬಿ ಬಗೆಯ ಎಂಸಿಬಿ ತನ್ನ ಮಿತಿಯ 3ರಿಂದ 5 ಪಟ್ಟಿಗೇ ಬಿದ್ದುಬಿಡುತ್ತದೆ. ಸಿ ಬಗೆಯದು 5 ಪಟ್ಟಿನವರೆಗೆ ತಾಳಿ, 5ರಿಂದ 10 ಪಟ್ಟಿನ ನಡುವೆ ಬೀಳುತ್ತದೆ. ಆದ್ದರಿಂದ ಮೂರು ಪೋಲಿನ 10 ಆಂಪ್ ಸಿ ಬಗೆಯದು ಬೇಕೆಂದು ಮೊದಲೇ ಕೇಳಿ. ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ 30 ಮಿಲಿಆಂಪ್ ಆರ್‌ಸಿಸಿಬಿಯನ್ನು ಯಾರ ಮಾತು ಕೇಳಿಯೂ ತಪ್ಪಿಸಿ ತಂತಿ ಎಳೆಯಬೇಡಿ. ಅದು ಮೇಲಿಂದ ಮೇಲೆ ಬೀಳುತ್ತಿದ್ದರೆ ಯಂತ್ರದ ಅರ್ಥಿಂಗ್, ಒದ್ದೆಯಾದ ಮೋಟಾರ್, ಚರ್ಮ ಸುಲಿದ ತಂತಿ ನೋಡಬೇಕು.

ಇನ್ನೊಂದು, ಹೊಸಬರಿಗೆ ಹೊಳೆಯದ ಸಂಗತಿ: ಫೇಸ್‌ಗಳ ಸರದಿ. ಕಾರ್ಖಾನೆಯಲ್ಲಿ ಬಲಕ್ಕೆ ತಿರುಗುವ ಮೋಟಾರ್ ಹಾಲ್‌ನ ಸಂಪರ್ಕದಲ್ಲಿ ಎಡಕ್ಕೆ ತಿರುಗಬಹುದು. ಹೈಡ್ರಾಲಿಕ್ ಪಂಪ್ ಉಲ್ಟಾ ಓಡಿದರೆ ಎಣ್ಣೆ ಏರದೆ ಒಣಗಿ ಕೆಲವೇ ನಿಮಿಷದಲ್ಲಿ ಹಾಳಾಗುತ್ತದೆ. ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿದು ಮೊದಲು ನೋಡಿ. ಉಲ್ಟಾ ಇದ್ದರೆ ಮೇನ್ ಆಫ್ ಮಾಡಿಸಿ ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿದರೆ ಸಾಕು.

5 ಆಂಪ್ ಸಾಕೆಟ್ ಕೊಡುವುದು 1150 ವ್ಯಾಟ್. 1500 ವ್ಯಾಟಿನ ಕೆಟಲ್ ಅದಕ್ಕೆ ಚುಚ್ಚಿ, ಪಕ್ಕದ ಸ್ಟಾಲಿನವರ ದೀಪವನ್ನೂ ಆರಿಸಿದರೆ ನಾಲ್ಕು ದಿನ ಅವರ ಮುಖ ನೋಡಿಕೊಂಡು ಕೂರಬೇಕಾಗುತ್ತದೆ. ಸಂಜೆ ಹಾಲ್ ಮುಚ್ಚಿದ ಮೇಲೆ ಕರೆಂಟ್ ತೆಗೆಯುತ್ತಾರೆ. ರಾತ್ರಿಯಿಡೀ ಬೇಕಿದ್ದರೆ ಬೇರೆ ಅರ್ಜಿ. ಯಂತ್ರಕ್ಕೆ ಒತ್ತಡದ ಗಾಳಿ ಬೇಕಾದರೆ ನಿಮ್ಮದೇ ಕಂಪ್ರೆಸರ್ ತರಬಹುದೇ ಎಂದು ಕೈಪಿಡಿ ನೋಡಿ. ಸದ್ದಿನ ಕಾರಣಕ್ಕೆ ಹಲವು ಕಡೆ ಬಿಡುವುದಿಲ್ಲ. ಆಯೋಜಕರಿಂದ ಪಡೆಯುವುದಾದರೆ ಎಷ್ಟು ಬಾರ್ (ಒತ್ತಡ), ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂದರೆ ಎಷ್ಟು ಸಿಎಫ್‌ಎಂ, ಪೈಪಿನ ಅಳತೆ ಎಷ್ಟು ಎಂದು ಮೂರನ್ನೂ ಬರೆಯಿರಿ. ಕಪ್ಲಿಂಗ್ ಮಾತ್ರ ನೀವೇ ಒಯ್ಯಿರಿ.

ಗೋಡೆ ಮತ್ತು ಅಕ್ಷರ

ಪ್ಯಾನೆಲ್ ಸುಮಾರು 1 ಮೀಟರ್ ಅಗಲ, 2.5 ಮೀಟರ್ ಎತ್ತರ ಎನ್ನುತ್ತಾರೆ. ಆದರೆ ಕಂಬದ ತೋಡಿನೊಳಗೆ ಹೋಗುವ ಅಂಚು ಕಳೆದರೆ ಕಣ್ಣಿಗೆ ಕಾಣುವುದು ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕಡಿಮೆ. ಕಾಣುವ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಸಿಕೊಂಡ ಮೇಲೆಯೇ ಮುದ್ರಣಕ್ಕೆ ಕೊಡಿ. ಮೂರು ಪ್ಯಾನೆಲ್ ದಾಟುವ ಒಂದೇ ಚಿತ್ರ ಬೇಕಿದ್ದರೆ ಕಂಬಗಳ ಮೇಲೆ 3 ಎಂಎಂ ದಪ್ಪದ ಹಗುರ ಫೋಮ್ ಹಲಗೆ, ಅಂದರೆ ಸನ್‌ಬೋರ್ಡ್ ಹೊದಿಸಬೇಕು. ಇಲ್ಲವಾದರೆ ಯಂತ್ರದ ಚಿತ್ರದ ನಟ್ಟನಡುವೆ ಅಲ್ಯೂಮಿನಿಯಂ ಪಟ್ಟಿ. ಟೇಬಲ್ 75 ಸೆಂ.ಮೀ. ಎತ್ತರ, ಅದರ ಮೇಲೆ ಸ್ಯಾಂಪಲ್. ಹಾಗಾಗಿ ನೆಲದಿಂದ 1 ಮೀಟರ್‌ವರೆಗೆ ಬರೆದದ್ದನ್ನು ಯಾರೂ ಓದುವುದಿಲ್ಲ. 10 ಅಡಿ ದೂರದಿಂದ ಓದಬೇಕಾದ ಅಕ್ಷರ ಕನಿಷ್ಠ 1 ಅಂಗುಲ ಇರಲಿ. ಹೊಳಪಿನ ಫ್ಲೆಕ್ಸ್ ಬೇಡ, ಸ್ಪಾಟ್‌ಲೈಟ್ ಬಿದ್ದಲ್ಲಿ ಕನ್ನಡಿಯಾಗುತ್ತದೆ. ಮ್ಯಾಟ್ ಲ್ಯಾಮಿನೇಶನ್ ಮಾಡಿದ ವಿನೈಲ್ ಮಾಡಿಸಿ.

ಕನ್ನಡದಲ್ಲಿ ಬರೆಸುವವರಿಗೆ ಒಂದು ಕಿವಿಮಾತು. ಮುದ್ರಕರ ಕಂಪ್ಯೂಟರ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಕಳಚಿಕೊಂಡು ‘ಯಂತ್ರ’ ಹೋಗಿ ‘ಯಂತ್‌ರ’ ಆಗುತ್ತದೆ. ಅಕ್ಷರಗಳನ್ನು ಕರ್ವ್ ಮಾಡಿ (ಫಾಂಟ್ ಬೇಡದ ರೇಖಾಚಿತ್ರವಾಗಿ ಬದಲಿಸಿ) ಪಿಡಿಎಫ್ ಕೊಡಿ, ಅಚ್ಚಿಗೆ ಮುಂಚೆ ಅವರ ಪರದೆಯಲ್ಲೇ ಒಮ್ಮೆ ಓದಿ. ಹೆಸರಿನ ಪಟ್ಟಿಗೂ ಇದೇ ಮಾತು: ಫಾರಂನಲ್ಲಿ ಟೈಪ್ ಮಾಡಿದ್ದು ಹಾಗೆಯೇ ಅಂಟುತ್ತದೆ, ತಪ್ಪು ಕಾಗುಣಿತ ಸಮೇತ.

ಪ್ಯಾನೆಲ್‌ಗೆ ಮೊಳೆ ಹೊಡೆಯುವಂತಿಲ್ಲ, ತೂತು ಕೊರೆಯುವಂತಿಲ್ಲ, ಹಾಳಾದರೆ ದಂಡ. ಹಗುರವಾದದ್ದಕ್ಕೆ ಫೋಮ್ ಟೇಪ್, ತೂಕದ್ದಕ್ಕೆ ಮೇಲಿನ ಪಟ್ಟಿಗೆ ಎಸ್ ಕೊಕ್ಕೆ ಮತ್ತು ನೈಲಾನ್ ದಾರ. ಟಿವಿಗೆ ಸ್ಟ್ಯಾಂಡೇ ಬೇಕು.

ಸಾಗಣೆ

ಪೀಣ್ಯದಿಂದ ಮಾದಾವರ ಕೂಗಳತೆ ದೂರ, 2024ರ ನವೆಂಬರ್‌ನಿಂದ ಅಲ್ಲಿಗೆ ಮೆಟ್ರೋ ಕೂಡ ಇದೆ. ಆದರೂ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಜಿಎಸ್‌ಟಿಯಡಿ ಸರಕು ಸಾಗಣೆಗೆ ಆನ್‌ಲೈನ್‌ನಲ್ಲಿ ಪಡೆಯುವ ಚೀಟಿ) ಬೇಕು. ಮಾರಾಟಕ್ಕಲ್ಲ, ತೋರಿಸಲು ಒಯ್ಯುತ್ತಿದ್ದೀರಿ, ಹಾಗಾಗಿ ಇನ್‌ವಾಯ್ಸ್ ಅಲ್ಲ, ಡೆಲಿವರಿ ಚಲನ್ ಮೂರು ಪ್ರತಿ. ಇ-ವೇ ಬಿಲ್‌ನ ಉಪವಿಧದಲ್ಲಿ ವಸ್ತುಪ್ರದರ್ಶನದ ಆಯ್ಕೆಯೇ ಇದೆ. ಹೊರರಾಜ್ಯದ ಪ್ರದರ್ಶನದಲ್ಲಿ ಸ್ಟಾಲಿನಿಂದಲೇ ಮಾರುವುದಾದರೆ ಆ ರಾಜ್ಯದಲ್ಲಿ ತಾತ್ಕಾಲಿಕ ಜಿಎಸ್‌ಟಿ ನೋಂದಣಿಗೆ ಕನಿಷ್ಠ 5 ದಿನ ಮೊದಲೇ ಅರ್ಜಿ ಹಾಕಬೇಕು.

ಯಂತ್ರದ ಅಡಿಗೆ 4 ಅಂಗುಲದ ಮರದ ದಿಮ್ಮಿ ಇರಲಿ, ಫೋರ್ಕ್‌ಲಿಫ್ಟ್‌ನ ಕೈ ಒಳಗೆ ತೂರಬೇಕಲ್ಲ. ತೂಕ ಎಷ್ಟು, ತೂಕದ ನಡುಬಿಂದು ಎಲ್ಲಿ ಎಂದು ದಪ್ಪ ಮಾರ್ಕರಿನಲ್ಲಿ ಎರಡೂ ಮಗ್ಗುಲಲ್ಲಿ ಬರೆಯಿರಿ. ತಲೆಭಾರದ ಯಂತ್ರ ವಾಲುವುದು ಇಲ್ಲಿಯೇ. ಭಾರದ ಯಂತ್ರ ಮೊದಲ ದಿನ ಬೆಳಗ್ಗೆಯೇ ಒಳಗೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದವರ ಪ್ಲೈವುಡ್, ಏಣಿ, ಬಣ್ಣದ ಡಬ್ಬ ಓಣಿ ತುಂಬಿಕೊಂಡು ಪ್ಯಾಲೆಟ್ ಟ್ರಕ್ ಕೂಡ ನುಸುಳುವುದಿಲ್ಲ. ಖಾಲಿ ಪೆಟ್ಟಿಗೆಗಳಿಗೆ ಸ್ಟಾಲ್ ಸಂಖ್ಯೆ ಬರೆದೇ ಗೋದಾಮಿಗೆ ಕಳಿಸಿ. ಸ್ಟಾಲ್ ಹಿಂದೆ ಒಟ್ಟಿದರೆ ಅಗ್ನಿ ಸುರಕ್ಷತೆಯವರು ಎತ್ತಿಸುತ್ತಾರೆ.

ಕಟ್ಟುವ ದಿನ ಕೈಯಲ್ಲಿರಬೇಕಾದ ಪೆಟ್ಟಿಗೆ: 5 ಮೀಟರ್ ಟೇಪು, ಸ್ಪಿರಿಟ್ ಲೆವೆಲ್, ಟೆಸ್ಟರ್, ಮಲ್ಟಿಮೀಟರ್, ಅಲೆನ್ ಕೀ, ಸ್ಪ್ಯಾನರ್, 2 ಎಕ್ಸ್‌ಟೆನ್ಷನ್ ಬೋರ್ಡ್, ಕಟರ್ ಮತ್ತು 5 ಬ್ಲೇಡ್, ಫೋಮ್ ಟೇಪ್ 2 ಸುರುಳಿ, ಕೇಬಲ್ ಟೈ 100, ಎಸ್ ಕೊಕ್ಕೆ 12, ಇನ್ಸುಲೇಶನ್ ಟೇಪ್, 1 ಕೆಜಿ ವೇಸ್ಟ್ ಬಟ್ಟೆ, ಪೊರಕೆ. ಇದನ್ನು ಲಾರಿಗೆ ಕೊನೆಯಲ್ಲಿ ಹಾಕಿ, ಮೊದಲು ಇಳಿಸಿ. ಹೆಲ್ಮೆಟ್, ಸೇಫ್ಟಿ ಶೂ ಇಲ್ಲದವರನ್ನು ಹಲವು ಹಾಲ್‌ಗಳಲ್ಲಿ ಒಳಗೆ ಬಿಡುವುದಿಲ್ಲ.

ಕೆಲಸದ ಸರದಿ ಹೀಗೆ: ಅಳತೆ ನೋಡಿ, ಯಂತ್ರ ಕೂರಿಸಿ ಲೆವೆಲ್ ಮಾಡಿ, ಕರೆಂಟ್ ಕೊಡಿಸಿ ಒಂದು ತಾಸು ಓಡಿಸಿ, ಆಮೇಲೆ ಗೋಡೆ, ಆಮೇಲೆ ದೀಪ. ದೀಪಗಳು ಹೆಚ್ಚಾಗಿ ಓಣಿಯತ್ತ ತಿರುಗಿರುತ್ತವೆ. ಏಣಿ ಇದ್ದಾಗಲೇ ಗೋಡೆಗೂ ಯಂತ್ರಕ್ಕೂ ತಿರುಗಿಸಿಕೊಳ್ಳಿ.

ಮುಗಿದ ಸಂಜೆ ಎಲ್ಲರೂ ಒಟ್ಟಿಗೆ ಗಂಟುಮೂಟೆ ಕಟ್ಟುತ್ತಾರೆ. ಲ್ಯಾಪ್‌ಟಾಪ್, ಹಿತ್ತಾಳೆಯ ಸ್ಯಾಂಪಲ್ ಕಾಣೆಯಾಗುವುದು ಆ ಮೊದಲ ತಾಸಿನಲ್ಲೇ, ಆದ್ದರಿಂದ ಸಣ್ಣ ಸಾಮಾನು ಮೊದಲು ಕಾರಿಗೆ ಸೇರಲಿ, ಒಬ್ಬರು ಸ್ಟಾಲ್ ಬಿಟ್ಟು ಕದಲದಿರಲಿ. ಗೇಟ್ ಪಾಸ್‌ಗೆ ಬರುವಾಗಿನ ಪ್ಯಾಕಿಂಗ್ ಪಟ್ಟಿಯೇ ಆಧಾರ. ಪಟ್ಟಿಯಲ್ಲಿಲ್ಲದ ಎಕ್ಸ್‌ಟೆನ್ಷನ್ ಬೋರ್ಡೂ ಗೇಟಿನಲ್ಲಿ ನಿಲ್ಲುತ್ತದೆ. ವಾಪಸ್ ಪ್ರಯಾಣದ ಇ-ವೇ ಬಿಲ್ ಹಿಂದಿನ ದಿನವೇ ಸಿದ್ಧ ಮಾಡಿಟ್ಟುಕೊಂಡು, ಲಾರಿ ಬಂದಾಗ ಅದರ ನಂಬರ್ ಸೇರಿಸಿ.