ಬೆನ್ನುನೋವಿನ ಮಾತ್ರೆಯಿಂದ ಬಿಡಿಸಿಕೊಂಡಿದ್ದು

ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮೆಣಸು ಕುಯ್ಯುವಾಗ ಸಿಲ್ವರ್ ಓಕಿಗೆ ಹಾಕಿದ್ದ ಏಣಿ ಜಾರಿ, ಸೊಂಟದ ಡಿಸ್ಕ್ ಪೆಟ್ಟಾಯಿತು. ಟ್ರಾಮಡಾಲ್ ಅನ್ನುವ ಅಫೀಮು ಜಾತಿಯ ನೋವಿನ ಮದ್ದು ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆ, ದಿನಕ್ಕೆ ಮೂರರಂತೆ ಹತ್ತು ದಿನಕ್ಕೆ ಬರೆದುಕೊಟ್ಟರು. ನಾನು ಒಂದೂವರೆ ವರ್ಷ ನುಂಗಿದೆ.

ಬರೆದವರ ತಪ್ಪಿಲ್ಲ. ನೋವು ಇಳಿದ ಮೇಲೂ ನಾನೇ ಬಿಡಲಿಲ್ಲ. ನುಂಗಿದ ಸ್ವಲ್ಪ ಹೊತ್ತಿಗೆ ಮೈ ಹಗುರ, ಬ್ಯಾಂಕಿನ ಸಾಲವೂ ದೂರ. ಮೂರು ಆರಾಯಿತು, ಆರು ಹನ್ನೆರಡಾಯಿತು. 2018ರಿಂದ ಟ್ರಾಮಡಾಲ್ ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ನಾನು ಹಳೇ ಚೀಟಿಯ ಜೆರಾಕ್ಸ್ ಹಿಡಿದು ಒಂದು ವಾರ ಬೇಲೂರು, ಇನ್ನೊಂದು ವಾರ ಚಿಕ್ಕಮಗಳೂರು ಅಂತ ಅಂಗಡಿ ಬದಲಿಸುತ್ತಿದ್ದೆ. ಖಾಲಿ ಸ್ಟ್ರಿಪ್ಪೆಲ್ಲ ಗೊಬ್ಬರದ ಚೀಲದ ಹಿಂದೆ ಒಂದು ಡಬ್ಬದಲ್ಲಿ. ಕುಡಿದು ಬರುವ ಆಳುಗಳಿಗೆ ಬುದ್ಧಿ ಹೇಳುತ್ತಿದ್ದವನೂ ನಾನೇ!

ಒಂದು ಮಳೆಗಾಲದ ರಾತ್ರಿ ಜ್ವರ ಅಂತ 650ರ ಪ್ಯಾರಸಿಟಮಾಲ್ ಎರಡು ಬೇರೆ ನುಂಗಿ, ಚಳಿಗೆ ಎರಡು ಪೆಗ್ ಹಾಕಿ ಮಲಗಿದೆ. ಹೆಂಡತಿಗೆ ಎಚ್ಚರವಾಗಿದ್ದು ನನ್ನ ಗೊರಕೆಗೆ. ಗಂಟಲಲ್ಲಿ ನೀರು ಕುದಿಯುವಂಥ ಗೊರಕೆ, ನಡುವೆ ತುಂಬಾ ಹೊತ್ತು ಉಸಿರೇ ಇಲ್ಲ. ಅಲುಗಾಡಿಸಿದರೂ ಏಳಲಿಲ್ಲ, ತುಟಿ ನೀಲಿಯಾಗಿತ್ತು. ಪಕ್ಕದ ಮನೆಯವರು "ನಿಂಬೆಹಣ್ಣು ಹಿಂಡಿ ಕುಡಿಸಿ, ಬೆಳಿಗ್ಗೆ ಸರಿಹೋಗ್ತಾರೆ" ಅಂದರಂತೆ. ಪುಣ್ಯ, ಅವಳು ಕೇಳಲಿಲ್ಲ. ಎಚ್ಚರ ತಪ್ಪಿದವನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. 108ಕ್ಕೆ ಫೋನ್ ಮಾಡಿ, ನನ್ನನ್ನು ಮಗ್ಗುಲಿಗೆ ಹೊರಳಿಸಿ, ಉಸಿರು ಎಣಿಸುತ್ತಾ ಕೂತಳು.

ಆಸ್ಪತ್ರೆಯಲ್ಲಿ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಪಾಪೆ ಸೂಜಿಮೊನೆಯಷ್ಟಾಗಿದ್ದು ಕಂಡು ಅಂಥ ಮದ್ದಿನ ಪರಿಣಾಮ ಇಳಿಸುವ ನಲಾಕ್ಸೋನ್ ಇಂಜೆಕ್ಷನ್ ಕೊಟ್ಟರಂತೆ. ಮಾರನೇ ದಿನ ಡಾಕ್ಟರಮ್ಮ ಸ್ಟ್ರಿಪ್ ತೋರಿಸಿ, "ಎಷ್ಟು ತಗೊಳ್ತಿದ್ರಿ? ನಿಜ ಹೇಳಿ" ಅಂದರು. ಹೇಳಿದೆ. ಚೀಟಿಯ ಹಿಂದೆ ಲೆಕ್ಕ ಬರೆದರು. ಒಂದು ಮಾತ್ರೆಯಲ್ಲಿ ಟ್ರಾಮಡಾಲ್ 37.5 ಮಿಲಿಗ್ರಾಂ. ಹನ್ನೆರಡಕ್ಕೆ 450. ದಿನಕ್ಕೆ 400 ದಾಟಬಾರದು, ದಾಟಿದರೆ ಫಿಟ್ಸ್ ಬರುವ ಭಯ ಜಾಸ್ತಿ. ಪ್ಯಾರಸಿಟಮಾಲ್ 325ರಂತೆ 3,900. ಜ್ವರದ ಮಾತ್ರೆ ಸೇರಿ 5,200. ಅದಕ್ಕೆ ಮಿತಿ 4,000. ಲಿವರ್ ಕೆಟ್ಟರೂ ಮೊದಲ ದಿನ ಗೊತ್ತೇ ಆಗದಿರಬಹುದಂತೆ. ಕಾಫಿ ಮೂಟೆ ಲೆಕ್ಕದಲ್ಲಿ ಒಂದು ಕೆಜಿ ಬಿಡದವನು ನಾನು, ಇದನ್ನು ಒಂದು ಸಲವೂ ಕೂಡಿಸಿರಲಿಲ್ಲ.

ಮನೋವೈದ್ಯರನ್ನು ನೋಡಿ ಅಂದರು. ನಾನು ನೋಡಲಿಲ್ಲ. ಮನೆಗೆ ಬಂದವನು, ನಾನೇ ಬಿಡ್ತೀನಿ ಅಂತ ಹಟ ಹಿಡಿದೆ. ಎರಡನೇ ದಿನಕ್ಕೆ ಆಕಳಿಕೆ ಮೇಲೆ ಆಕಳಿಕೆ. ಮೂಗು ಸೋರಿತು, ಭೇದಿ ಶುರುವಾಯಿತು. ಬಿಸಿಲಲ್ಲಿ ಕಣದ ಮೇಲೆ ನಿಂತರೂ ಕೈರೋಮ ಎದ್ದೇ ಇತ್ತು. ರಾತ್ರಿ ಕಾಲು ಎಲ್ಲಿಟ್ಟರೂ ಸಮಾಧಾನವಿಲ್ಲ. ನಾಲ್ಕನೇ ರಾತ್ರಿ ಗೊಬ್ಬರದ ಚೀಲಗಳ ಹಿಂದೆ ಮೊಬೈಲ್ ಲೈಟ್ ಹಾಕಿ, ಒಂದಾದರೂ ಉಳಿದಿದೆಯಾ ಅಂತ ಮಂಡಿಯೂರಿ ತಡಕಾಡುತ್ತಿದ್ದೆ. ಹಿಂದೆ ಹೆಂಡತಿ ನಿಂತಿದ್ದಳು. "ರೀ, ಸಾಕು ಬನ್ನಿ" ಅಂದಳು, ಅಷ್ಟೇ.

ಅವಳೇ 14416ಕ್ಕೆ ಡಯಲ್ ಮಾಡಿಕೊಟ್ಟಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಿದರು. ಪೊಲೀಸರಿಗೆ ಹೇಳ್ತೀರಾ ಅಂತ ನಾನು ಮೊದಲು ಕೇಳಿದ್ದು. ಇಲ್ಲ ಅಂದರು.

ಆಮೇಲೆ ಮನೋವೈದ್ಯರ ಹತ್ತಿರ ಹೋದೆ. ಅವರು ಮೊದಲು ಬೈದಿದ್ದು ಆ ತಡಕಾಟಕ್ಕೆ. ಕೆಲವು ದಿನ ಬಿಟ್ಟರೆ ಮೈಯ ತಾಳಿಕೆ ಇಳಿಯುತ್ತದಂತೆ, ಆಗ ಹಳೇ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲಬಹುದು. ಚಟ ಬಿಡಿಸಲು ಕೊಡುವ, ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಶುರುಮಾಡಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಮಾತ್ರೆ ಇಟ್ಟಿದ್ದ ಪೆಟ್ಟಿಗೆಯ ಕೀಲಿ ಹೆಂಡತಿಯ ಹತ್ತಿರ. ಬೆನ್ನಿಗೆ ಫಿಸಿಯೋಥೆರಪಿ, ಬಿಸಿನೀರಿನ ಚೀಲ. ನೋವು ಪೂರ್ತಿ ಹೋಗಿಲ್ಲ. ಏಣಿ ಹತ್ತುವುದಿಲ್ಲ.

ಮೊನ್ನೆ ಹಲ್ಲು ಕೀಳಿಸಲು ಹೋಗಿದ್ದೆ. ಕುರ್ಚಿ ಮೇಲೆ ಕೂರುವ ಮೊದಲೇ ಇದೆಲ್ಲ ಹೇಳಿದೆ. ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿದರು. ಹಲ್ಲು ಕಿತ್ತ ಮೇಲೆ ಮೂರು ದಿನದ ಮಾತ್ರೆ ಬರೆದು, ಚೀಟಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು.