ಕಾರಿನ ಇಗ್ನಿಷನ್ ಕೀ ತಿರುಗದಿದ್ದಾಗ ಏನು ಮಾಡಬೇಕು, ಏನು ಮಾಡಬಾರದು

ಕೀ ಇಗ್ನಿಷನ್ ರಂಧ್ರದೊಳಗೆ ಸಲೀಸಾಗಿ ಹೋಗುತ್ತದೆ, ಆದರೆ ಅಲ್ಲಿಂದ ಮುಂದೆ ಕೂದಲೆಳೆಯಷ್ಟೂ ತಿರುಗುವುದಿಲ್ಲ. ಇಂಥ ಹೊತ್ತಿನಲ್ಲಿ ಬಹುಪಾಲು ಚಾಲಕರು ಮೊದಲು ಬೆರಳಿನ ಬಲ ಹೆಚ್ಚಿಸುತ್ತಾರೆ, ಅದು ಸಾಲದಿದ್ದರೆ ಇಕ್ಕಳ ಹುಡುಕುತ್ತಾರೆ. ಎರಡೂ ಮಾಡಬಾರದ ಕೆಲಸಗಳು. ಕಾರಿನ ಕೀ ನೋಡಲು ಗಟ್ಟಿಯಾಗಿದ್ದರೂ ಹಲ್ಲು ಕೊರೆದ ಜಾಗದಲ್ಲಿ ಅದರ ಅಗಲ ಕಡಿಮೆ, ವರ್ಷಗಳ ಬಳಕೆಯಿಂದ ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದು. ತಿರುಚುವ ಬಲ ಮಿತಿ ಮೀರಿದರೆ ಕೀ ಅಲ್ಲಿಯೇ ಮುರಿದು ಅರ್ಧ ತುಂಡು ಬೀಗದೊಳಗೆ ಉಳಿಯುತ್ತದೆ. ಐದು ನಿಮಿಷದಲ್ಲಿ ಬಗೆಹರಿಯಬಹುದಾಗಿದ್ದ ತೊಂದರೆ ಆಗ ಟೋಯಿಂಗ್, ಹೊಸ ಬೀಗ, ಹೊಸ ಕೀ ಎಂದು ಬೆಳೆಯುತ್ತಾ ಹೋಗುತ್ತದೆ.

ಮೊದಲಿಗೆ ತೊಂದರೆ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಕೀ ತಿರುಗಿ, ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತಿ, ಎಂಜಿನ್ ಮಾತ್ರ ಸ್ಟಾರ್ಟ್ ಆಗದಿದ್ದರೆ ಅದು ಬ್ಯಾಟರಿ, ಸ್ಟಾರ್ಟರ್ ಮೋಟಾರು, ಇಂಧನ ಅಥವಾ ಇಮ್ಮೊಬಿಲೈಜರಿಗೆ (ಕೀಯ ಚಿಪ್ಪನ್ನು ಗುರುತಿಸದೆ ಎಂಜಿನ್ ಹತ್ತಲು ಬಿಡದ ಏರ್ಪಾಡು) ಸೇರಿದ ಬೇರೆಯೇ ವಿಷಯ. ಲೋಹದ ಕೀ ಹಾಕಿ ತಿರುಗಿಸುವ ಸಾಮಾನ್ಯ ಕಾರುಗಳಲ್ಲಿ ಕೀ ತಿರುಗದಿರುವುದು ಬಹುತೇಕ ಯಾವಾಗಲೂ ಯಾಂತ್ರಿಕ ತಡೆಯೇ. ಬ್ಯಾಟರಿ ಪೂರ್ತಿ ಬರಿದಾಗಿದ್ದರೂ ಕೀ ತಿರುಗಬೇಕು. ಕೀಯ ಹಿಡಿಯೊಳಗಿನ ಚಿಪ್ ಕೆಟ್ಟಿದ್ದರೂ ತಿರುಗಬೇಕು. ಎಂಜಿನ್ ಹತ್ತುವುದಿಲ್ಲ, ಅಷ್ಟೆ. ಹಾಗಾಗಿ ರಿಮೋಟಿನ ಸೆಲ್ ಬದಲಿಸುವುದಾಗಲಿ, ಪಕ್ಕದ ಕಾರಿನಿಂದ ಜಂಪರ್ ಕೇಬಲ್ ಎಳೆಯುವುದಾಗಲಿ ಇಲ್ಲಿ ಉಪಯೋಗಕ್ಕೆ ಬಾರದು.

ತಡೆ ಇರಬಹುದಾದ ಜಾಗಗಳು ಮೂರು: ಸ್ಟೀರಿಂಗ್ ಲಾಕ್, ಕೀ ಮತ್ತು ಬೀಗದ ಒಳಭಾಗ. ಇದೇ ಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು. ಮೊದಲನೆಯದಕ್ಕೆ ಯಾವ ಸಲಕರಣೆಯೂ ಬೇಕಿಲ್ಲ, ಎರಡನೆಯದಕ್ಕೆ ಮನೆಯಲ್ಲಿರುವ ಇನ್ನೊಂದು ಕೀ ಸಾಕು, ಮೂರನೆಯದಕ್ಕೆ ಮಾತ್ರ ಹೊರಗಿನಿಂದ ಏನನ್ನಾದರೂ ತರಬೇಕಾಗುತ್ತದೆ. ಸಿಕ್ಕಿದ ಎಣ್ಣೆಯನ್ನು ರಂಧ್ರಕ್ಕೆ ಸುರಿದ ಮೇಲೆ ಸ್ಟೀರಿಂಗ್ ಕಡೆ ನೋಡುವವರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ.

ಸ್ಟೀರಿಂಗ್ ಲಾಕ್ ಕಳ್ಳತನ ತಡೆಯಲು ಮಾಡಿದ ಏರ್ಪಾಡು. ಇಗ್ನಿಷನ್ ಬೀಗದ ಜೊತೆಯಲ್ಲಿಯೇ, ಸ್ಪ್ರಿಂಗಿನ ಒತ್ತಡದಲ್ಲಿರುವ ಉಕ್ಕಿನ ಒಂದು ಅಗಳಿ ಇರುತ್ತದೆ. ಕೀ ತೆಗೆದಾಗ ಅದು ಸ್ಟೀರಿಂಗಿನ ದಂಡದ ಮೇಲೆ ಒತ್ತಿಕೊಂಡು ನಿಲ್ಲುತ್ತದೆ; ಸ್ಟೀರಿಂಗ್ ತುಸು ತಿರುಗಿ ದಂಡದ ಮೇಲಿನ ಕಚ್ಚು ಅದರ ಎದುರಿಗೆ ಬಂದ ಕೂಡಲೇ ಒಳಕ್ಕೆ ಬೀಳುತ್ತದೆ. ಇಳಿಯುವಾಗ ಸ್ಟೀರಿಂಗನ್ನೇ ಆಸರೆಯಾಗಿ ಹಿಡಿದು ಮೇಲೇಳುವ ಅಭ್ಯಾಸವಿರುವವರ ಕಾರುಗಳಲ್ಲಿ, ನಿಂತ ಕಾರಿನಲ್ಲಿ ಮಕ್ಕಳು ಕುಳಿತು ಚಕ್ರ ತಿರುಗಿಸಿ ಆಡಿದಾಗ, ಲಾಕ್ ಹೀಗೆಯೇ ಬೀಳುತ್ತದೆ. ಅಷ್ಟರಿಂದಲೇ ತೊಂದರೆಯಾಗುವುದಿಲ್ಲ. ಮುಂದಿನ ಚಕ್ರಗಳನ್ನು ಪೂರ್ತಿ ತಿರುಗಿಸಿ ನಿಲ್ಲಿಸಿದಾಗ ಅಥವಾ ಟೈರು ಫುಟ್‌ಪಾತಿನ ಅಂಚಿಗೆ ಒತ್ತಿಕೊಂಡಿದ್ದಾಗ, ತಿರುಚಿಕೊಂಡ ರಬ್ಬರು ಹಿಂದಕ್ಕೆ ಬರಲು ಹವಣಿಸುತ್ತಾ ಸ್ಟೀರಿಂಗ್ ದಂಡವನ್ನು ಒಂದು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಆ ಒತ್ತಡವೆಲ್ಲ ಅಗಳಿಯ ಮೇಲೆ ಬಿದ್ದು ಅದು ಕಚ್ಚಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಅಗಳಿ ಸರಿಯದೆ ಕೀ ತಿರುಗದು. ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲನ್ನು ಒಂದು ಕೈಯಲ್ಲಿ ಎಳೆದು ಹಿಡಿದರೆ ಮಾತ್ರ ಅಗಳಿ ಜಾರುವಂತೆ, ಇಲ್ಲಿಯೂ ಎರಡು ಕೈಗಳ ಕೆಲಸ ಏಕಕಾಲಕ್ಕೆ ನಡೆಯಬೇಕು.

ಬಲಗಾಲನ್ನು ಬ್ರೇಕಿನ ಮೇಲೆ ಒತ್ತಿ ಹಿಡಿದು, ಕೀಯನ್ನು ಕೊನೆಯವರೆಗೆ ಒಳಗೆ ತಳ್ಳಿ. ಕೀಯ ಮೇಲೆ ಇನ್ನೂ ಬಲ ಹಾಕದೆ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಎಳೆದು ನೋಡಿ. ಒಂದು ಕಡೆಗೆ ಅದು ಒಮ್ಮೆಲೇ ನಿಲ್ಲುತ್ತದೆ, ಇನ್ನೊಂದು ಕಡೆಗೆ ಬಿಗುವಾಗಿಯಾದರೂ ತುಸು ಸರಿಯುತ್ತದೆ. ಸರಿಯುವ ಕಡೆಗೆ ಎಳೆದು ಹಿಡಿದುಕೊಂಡೇ, ಹೆಬ್ಬೆರಳು ಮತ್ತು ತೋರುಬೆರಳಿನ ಬಲದಿಂದ ಮಾತ್ರ ಕೀ ತಿರುಗಿಸಿ. ಎಂಜಿನ್ ಓಡದಿರುವಾಗ ಪವರ್ ಸ್ಟೀರಿಂಗಿನ ನೆರವು ಇರುವುದಿಲ್ಲ, ಆದ್ದರಿಂದ ಸ್ಟೀರಿಂಗ್ ಅನಿರೀಕ್ಷಿತವಾಗಿ ಭಾರವಾಗಿರುತ್ತದೆ. ಅದಕ್ಕೆ ತೋಳಿನ ಬಲ ಹಾಕಬಹುದು, ಕೀಗೆ ಹಾಕುವಂತಿಲ್ಲ. ಕೈಯ ಹಿಡಿತವನ್ನು ಸಡಿಲಿಸದೆ ಸ್ಟೀರಿಂಗನ್ನು ಕೂದಲೆಳೆಯಷ್ಟು ಅತ್ತಿತ್ತ ಆಡಿಸುತ್ತಾ ಹೋದರೆ, ಅಗಳಿಯ ಮೇಲಿನ ಒತ್ತಡ ಶೂನ್ಯವಾಗುವ ಒಂದು ಬಿಂದುವಿನಲ್ಲಿ ಕೀ ತಾನಾಗಿಯೇ ತಿರುಗುತ್ತದೆ. ಹೆಚ್ಚಿನವರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಟೈರು ಕಲ್ಲಿಗೆ ಬಲವಾಗಿ ಒತ್ತಿಕೊಂಡಿದ್ದರೆ ಕೈಬಲ ಸಾಲದು. ಮ್ಯಾನ್ಯುಯಲ್ ಗೇರಿನ ಕಾರಾಗಿದ್ದು ನೆಲ ಸಮತಟ್ಟಾಗಿದ್ದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು, ಇನ್ನೊಬ್ಬರಿಂದ ಕಾರನ್ನು ಒಂದೆರಡು ಅಂಗುಲ ಹಿಂದಕ್ಕೆ ತಳ್ಳಿಸಬಹುದು. ಅದೂ ಆಗದಿದ್ದರೆ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಒತ್ತಡದಲ್ಲಿರುವ ಮುಂದಿನ ಚಕ್ರವನ್ನು ಜಾಕಿನಿಂದ ನೆಲ ಬಿಡುವಷ್ಟು ಎತ್ತಿದರೆ ತಿರುಚಿಕೊಂಡ ರಬ್ಬರು ಸಡಿಲವಾಗಿ ಸ್ಟೀರಿಂಗ್ ಹಗುರವಾಗುತ್ತದೆ. ಮಡಿಕೇರಿಯಂಥ ಊರಿನ ಇಳಿಜಾರು ರಸ್ತೆಗಳಲ್ಲಿ ಈ ಎರಡೂ ಉಪಾಯಗಳು ಅಪಾಯಕಾರಿ. ಅಲ್ಲಿ ಸಹಾಯಕ್ಕೆ ಕರೆಯುವುದೇ ಸರಿ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಪೆಟ್ರೋಲ್ ಉಳಿಸುವ ನೆಪದಲ್ಲಿ ಘಾಟಿ ಇಳಿಯುವಾಗ ಎಂಜಿನ್ ಆರಿಸುವ ಚಾಲಕರು ಇಂದಿಗೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿನ ವ್ಯಾಕ್ಯೂಮ್ ನೆರವು ಕೆಲವೇ ಒತ್ತುಗಳಲ್ಲಿ ಮುಗಿದುಹೋಗುತ್ತದೆ; ಕೀಯನ್ನು ಲಾಕ್ ಸ್ಥಾನಕ್ಕೆ ತಿರುಗಿಸಿ ಹೊರಗೆಳೆದರೆ, ತಿರುವಿನಲ್ಲಿ ಈ ಅಗಳಿ ಬಿದ್ದು ಸ್ಟೀರಿಂಗೇ ಸಿಕ್ಕಿಕೊಳ್ಳುತ್ತದೆ. ಕಾರು ಚಲಿಸುತ್ತಿರುವಾಗ ಕೀಯನ್ನು ಮುಟ್ಟಬಾರದು.

ಕೀ ಮುಂದಕ್ಕೆ ತಿರುಗದಿರುವುದು ಒಂದಾದರೆ, ಹಿಂದಕ್ಕೆ ತಿರುಗಿ ಹೊರಬರದಿರುವುದು ಇನ್ನೊಂದು. ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್ ಲಿವರ್ ಪಿ (ಪಾರ್ಕ್) ಸ್ಥಾನದಲ್ಲಿ ಪೂರ್ತಿಯಾಗಿ ಕುಳಿತಿರದಿದ್ದರೆ ಕೀ ಲಾಕ್ ಸ್ಥಾನಕ್ಕೆ ಬರುವುದಿಲ್ಲ; ಬ್ರೇಕ್ ಒತ್ತಿ ಲಿವರನ್ನು ಒಮ್ಮೆ ಹಿಂದೆ ಸರಿಸಿ ಮತ್ತೆ ಪಿಗೆ ತಂದರೆ ಸಾಕಾಗುತ್ತದೆ. ಮ್ಯಾನ್ಯುಯಲ್ ಗೇರಿನ ಅನೇಕ ಕಾರುಗಳಲ್ಲಿ ಎಸಿಸಿ (ಎಂಜಿನ್ ಇಲ್ಲದೆ ರೇಡಿಯೊದಂಥವು ಮಾತ್ರ ನಡೆಯುವ) ಸ್ಥಾನದಿಂದ ಲಾಕ್ ಸ್ಥಾನಕ್ಕೆ ಬರಲು ಕೀಯನ್ನು ತುಸು ಒಳಕ್ಕೆ ಒತ್ತಿ ತಿರುಗಿಸಬೇಕು. ಹೊಸ ಚಾಲಕರು ಇದನ್ನು ಕೆಟ್ಟ ಬೀಗವೆಂದು ತಿಳಿದು ಗ್ಯಾರೇಜಿಗೆ ಫೋನ್ ಮಾಡುವುದುಂಟು.

ಸ್ಟೀರಿಂಗ್ ಮುಕ್ತವಾಗಿ ಆಡುತ್ತಿದ್ದು ಕೀ ಮಾತ್ರ ತಿರುಗದಿದ್ದರೆ ಕೀಯನ್ನು ಹೊರತೆಗೆದು ಬೆಳಕಿನಲ್ಲಿ ನೋಡಿ. ಅದು ಈ ಕಾರಿನದೇ ಹೌದೇ ಎಂಬ ಪ್ರಶ್ನೆ ಹಾಸ್ಯಾಸ್ಪದವೆನಿಸಬಹುದು, ಆದರೆ ಒಂದೇ ಕಂಪನಿಯ ಎರಡು ಕಾರುಗಳಿರುವ ಮನೆಗಳಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆಯೇ. ಮಡಚುವ ಕೀಯಾದರೆ ಅಲಗು ಪೂರ್ತಿ ಬಿಚ್ಚಿಕೊಂಡಿದೆಯೇ, ತೋಡುಗಳಲ್ಲಿ ಜೇಬಿನ ನೂಲು, ಮಣ್ಣು ತುಂಬಿದೆಯೇ, ಅಲಗು ಬಾಗಿದೆಯೇ ಎಂದು ಗಮನಿಸಿ. ಬಾಗಿದ ಕೀಯನ್ನು ಮರದ ಹಲಗೆಯ ಮೇಲಿಟ್ಟು ಮೆಲ್ಲಗೆ ಒತ್ತಿ ನೇರ ಮಾಡಬಹುದು. ಆದರೆ ಒಮ್ಮೆ ಬಾಗಿದ ಲೋಹ ದುರ್ಬಲವಾಗಿರುವುದರಿಂದ ಅದನ್ನು ಹೊಸ ಕೀ ಮಾಡಿಸುವವರೆಗಿನ ಬಳಕೆಗಷ್ಟೇ ನಂಬಬೇಕು.

ಆಮೇಲೆ, ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿರುವ ಸ್ಪೇರ್ ಕೀಯನ್ನು ತರಿಸಿ. ತಪ್ಪು ಕೀಯಲ್ಲಿದೆಯೋ ಬೀಗದಲ್ಲಿದೆಯೋ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೀರ್ಮಾನಿಸುವ ಪರೀಕ್ಷೆ ಬೇರೆ ಇಲ್ಲ. ಸ್ಪೇರ್ ಕೀ ತಿರುಗಿದರೆ ದಿನಬಳಕೆಯ ಕೀಯ ಹಲ್ಲುಗಳು ಸವೆದಿವೆ ಎಂದರ್ಥ. ಇಲ್ಲಿ ಅನೇಕರು ಎಡವುತ್ತಾರೆ: ಸವೆದ ಕೀಯನ್ನೇ ಕೀ ಮಾಡುವವನ ಕೈಗೆ ಕೊಟ್ಟು ನಕಲು ಮಾಡಿಸುತ್ತಾರೆ. ನಕಲು ಯಂತ್ರ ಸವೆತವನ್ನೂ ಹಾಗೆಯೇ ನಕಲಿಸುತ್ತದೆ. ಕಾರು ಹೊಸದಾಗಿದ್ದಾಗ ಕೀಗಳ ಜೊತೆ ಕೊಡುವ ಚಿಕ್ಕ ಬಿಲ್ಲೆಯ ಮೇಲಿನ ಕೀ ಸಂಖ್ಯೆಯನ್ನು ಆಧರಿಸಿ ಕೊರೆದ ಕೀ ಮಾತ್ರ ಮೂಲ ಅಳತೆಗೆ ಸರಿಹೊಂದುತ್ತದೆ; ಆ ಬಿಲ್ಲೆ ಕಳೆದಿದ್ದರೆ ಕಡಿಮೆ ಬಳಕೆಯಾದ ಸ್ಪೇರ್ ಕೀಯಿಂದ ನಕಲು ಮಾಡಿಸಬೇಕು. ಹಳೆಯ ಮಾರುತಿ 800ರ ಕಾಲದಲ್ಲಿ ರಸ್ತೆಬದಿಯಲ್ಲಿ ಕೊರೆದ ಕೀಯಿಂದಲೇ ಎಂಜಿನ್ ಹತ್ತುತ್ತಿತ್ತು. ಇಮ್ಮೊಬಿಲೈಜರ್ ಇರುವ ಇಂದಿನ ಕಾರುಗಳಲ್ಲಿ ಹಾಗೆ ಕೊರೆದ ಕೀ ಬೀಗವನ್ನು ತಿರುಗಿಸುತ್ತದೆಯೇ ಹೊರತು, ಚಿಪ್ಪನ್ನು ಕಾರಿಗೆ ನೋಂದಾಯಿಸದೆ ಎಂಜಿನ್ ಹತ್ತುವುದಿಲ್ಲ.

ಎರಡೂ ಕೀಗಳು ತಿರುಗದಿದ್ದರೆ ಬೀಗದ ಒಳಭಾಗವನ್ನು ಸಂದೇಹಿಸಬೇಕು. ಕೀಯ ಜೊತೆ ತಿರುಗುವ ಬೀಗದ ಸಿಲಿಂಡರಿನೊಳಗೆ ವೇಫರ್‌ಗಳೆಂಬ ಹಿತ್ತಾಳೆಯ ತೆಳುವಾದ ತುಂಡುಗಳು ಸಾಲಾಗಿ, ಒಂದೊಂದೂ ಚಿಕ್ಕ ಸ್ಪ್ರಿಂಗಿನ ಮೇಲೆ ಕುಳಿತಿರುತ್ತವೆ. ಸರಿಯಾದ ಕೀ ಒಳಹೊಕ್ಕಾಗ ಎಲ್ಲವೂ ಸಿಲಿಂಡರಿನ ಮೇಲ್ಮೈಗೆ ಸಮನಾಗಿ ನಿಂತು ತಿರುಗಲು ಎಡೆ ಮಾಡಿಕೊಡುತ್ತವೆ. ಒಂದೇ ಒಂದು ವೇಫರ್ ಧೂಳಿನಿಂದಲೋ ಸವೆತದಿಂದಲೋ ಹೊರಚಾಚಿ ಉಳಿದರೂ ಸಿಲಿಂಡರ್ ಅಲುಗದು. ಬಳ್ಳಾರಿ ಕಡೆಯ ಗಣಿಧೂಳು, ಕರಾವಳಿಯ ಉಪ್ಪುಗಾಳಿ, ಜೇಬಿನಿಂದ ಕೀಯ ಜೊತೆ ಹೋಗುವ ಕಸ, ಎಲ್ಲವೂ ಇದಕ್ಕೆ ಕಾರಣವಾಗಬಲ್ಲವು.

ಕೀಯನ್ನು ಬಟ್ಟೆಯಿಂದ ಒರೆಸಿ, ಹತ್ತಾರು ಬಾರಿ ಒಳಗೆ ಹೊರಗೆ ಆಡಿಸಿ, ಪ್ರತಿ ಸಲ ಹೊರಬಂದಾಗ ಅಂಟಿದ ಕಪ್ಪು ಕೊಳೆಯನ್ನು ಒರೆಸಿ ತೆಗೆಯಿರಿ. ನಂತರ ಕೀಯನ್ನು ಪೂರ್ತಿ ಒಳಗಿಟ್ಟು, ತಿರುಗುವ ದಿಕ್ಕಿಗೆ ಹಗುರವಾದ ಒತ್ತಡ ಇಟ್ಟುಕೊಂಡು, ಮೇಲೆ ಕೆಳಗೆ ತುಸುವೇ ಅಲುಗಾಡಿಸಿ. ಒಂದು ಮಿಲಿಮೀಟರಿನಷ್ಟು ಹಿಂದಕ್ಕೆಳೆದೂ ನೋಡಿ, ಏಕೆಂದರೆ ಸವೆದ ಕೀ ಕೆಲವೊಮ್ಮೆ ಆ ಸ್ಥಾನದಲ್ಲಿ ವೇಫರ್‌ಗಳಿಗೆ ಸರಿಹೊಂದುತ್ತದೆ. ಸುತ್ತಿಗೆಯಿಂದ ಕೀಯ ತಲೆಗೆ ಬಡಿಯುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬೇಡಿ.

ಎಣ್ಣೆಯ ವಿಷಯದಲ್ಲಿ ನಮ್ಮಲ್ಲಿ ಉದಾರತೆ ಹೆಚ್ಚು. ಅಡುಗೆಮನೆಯಿಂದ ಬರುವ ಕೊಬ್ಬರಿ ಎಣ್ಣೆ ಬೀಗಕ್ಕೆ ಎರಡು ಕಾರಣಗಳಿಂದ ತಕ್ಕದ್ದಲ್ಲ: ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬೀಗದೊಳಗೆ ಅದು ಹೆಪ್ಪುಗಟ್ಟಿ, ವೇಫರ್‌ಗಳನ್ನು ಮತ್ತಷ್ಟು ಬಿಗಿಯುತ್ತದೆ. ಎಂಜಿನ್ ಆಯಿಲ್ ಮತ್ತು ಗ್ರೀಸ್ ಹೆಪ್ಪುಗಟ್ಟದಿದ್ದರೂ ಧೂಳಿನ ಜೊತೆ ಸೇರಿ ಕೆಸರಾಗುತ್ತವೆ. ಡಬ್ಲ್ಯುಡಿ-40ರಂಥ ತೆಳು ಸ್ಪ್ರೇ ಸಿಕ್ಕಿಕೊಂಡ ಕೊಳೆಯನ್ನು ಕರಗಿಸಿ ಆ ದಿನದ ಮಟ್ಟಿಗೆ ಮನೆ ಸೇರಿಸಬಹುದು, ಆದರೆ ದೀರ್ಘಕಾಲದ ಕೀಲೆಣ್ಣೆಯಾಗಿ ಅದನ್ನು ನೆಚ್ಚುವುದು ಸರಿಯಲ್ಲ. ಬೀಗಕ್ಕೆ ಬೇಕಾದುದು ಒಣ ಲೇಪನ, ಅಂದರೆ ಗ್ರಾಫೈಟ್ ಪುಡಿ ಅಥವಾ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ. ಏನೂ ಸಿಗದಿದ್ದರೆ ಚಿತ್ರ ಬಿಡಿಸುವ 6ಬಿ ಪೆನ್ಸಿಲನ್ನು ಕೀಯ ಹಲ್ಲುಗಳ ಎರಡೂ ಬದಿಗೆ ಚೆನ್ನಾಗಿ ಉಜ್ಜಿ ಒಳಗೆ ಹೊರಗೆ ಆಡಿಸಿದರೆ ಅದೂ ಗ್ರಾಫೈಟೇ. ಒಣ ಪುಡಿಯನ್ನೂ ಎಣ್ಣೆಯನ್ನೂ ಒಟ್ಟಿಗೆ ಬಳಸಬಾರದು. ಯಾವ ಸ್ಪ್ರೇಯಾದರೂ ಒಂದು ಚಿಮ್ಮು ಸಾಕು, ಏಕೆಂದರೆ ಸಿಲಿಂಡರಿನ ಹಿಂದೆಯೇ ವಿದ್ಯುತ್ ಸಂಪರ್ಕಗಳಿರುವ ಇಗ್ನಿಷನ್ ಸ್ವಿಚ್ ಇರುತ್ತದೆ.

ರಂಧ್ರದ ಬಾಯಲ್ಲಿ ಸ್ಕ್ರೂಡ್ರೈವರಿನ ಗೀರುಗಳಿದ್ದರೆ, ಸ್ಟೀರಿಂಗಿನ ಕೆಳಗಿನ ಪ್ಲಾಸ್ಟಿಕ್ ಕವಚ ಸಡಿಲವಾಗಿದ್ದರೆ ಅಥವಾ ಬಾಗಿಲಿನ ಬೀಗವೂ ತೊಡಕಾಗಿದ್ದರೆ, ಯಾರೋ ಕಾರು ಕದಿಯಲು ಯತ್ನಿಸಿರಬಹುದು. ಆಗ ಏನನ್ನೂ ಮುಟ್ಟದೆ ಫೋಟೊ ತೆಗೆದು, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸಿದ ನಂತರವೇ ರಿಪೇರಿಗೆ ಕೈಹಾಕಬೇಕು.

ಕೀ ಈಗಾಗಲೇ ಮುರಿದಿದ್ದರೆ, ತುಂಡು ಹೊರಗೆ ಇಣುಕುತ್ತಿದ್ದಲ್ಲಿ ಮಾತ್ರ ಸೂಜಿಮೂತಿಯ ಇಕ್ಕಳದಿಂದ ನೇರವಾಗಿ ಎಳೆಯಬಹುದು. ಕೀ ಲಾಕ್ ಸ್ಥಾನದಲ್ಲಿ ಇಲ್ಲದಿದ್ದರೆ ವೇಫರ್‌ಗಳು ಅದನ್ನು ಬಿಡುವುದಿಲ್ಲ. ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯುವ ಪ್ರಯತ್ನ ಇಡೀ ಸಿಲಿಂಡರನ್ನೇ ಅಂಟಿಸಿ ಮುಗಿಸುತ್ತದೆ.

ಇಷ್ಟರಲ್ಲಿ ಯಾವುದೂ ಫಲಿಸದಿದ್ದರೆ ಕೀ ತಜ್ಞರನ್ನೋ ಸರ್ವಿಸ್ ಸೆಂಟರನ್ನೋ ಕರೆಯಬೇಕು. ಆರ್‌ಸಿ ಮತ್ತು ಗುರುತಿನ ಚೀಟಿ ಹತ್ತಿರವಿರಲಿ. ಸ್ಟೀರಿಂಗ್ ಲಾಕ್ ಆಗಿರುವ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಅದು ತಿರುವಿನಲ್ಲಿ ತಿರುಗುವುದೇ ಇಲ್ಲ. ಪೂರ್ತಿ ಕಾರನ್ನು ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ವಾಹನವನ್ನೇ ಕೇಳಿ. ಸಿಲಿಂಡರ್ ಬದಲಿಸುವುದಾದರೆ ಹಳೆಯ ಕೀಗೇ ಹೊಂದುವಂತೆ ವೇಫರ್‌ಗಳನ್ನು ಜೋಡಿಸಿಕೊಡಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಬಾಗಿಲಿಗೊಂದು, ಇಗ್ನಿಷನ್‌ಗೊಂದು ಎಂದು ಎರಡು ಕೀಗಳನ್ನು ಹೊತ್ತು ತಿರುಗಬೇಕಾಗುತ್ತದೆ.

ಕೀ ಬಂಚಿನ ಭಾರವನ್ನೂ ಇದೇ ಸಂದರ್ಭದಲ್ಲಿ ಇಳಿಸಬಹುದು. ಮನೆ, ಅಂಗಡಿ, ಬೀರುಗಳ ಕೀಗಳೆಲ್ಲ ತೂಗುತ್ತಾ ರಸ್ತೆಯ ಪ್ರತಿ ಗುಂಡಿಗೂ ಸಿಲಿಂಡರನ್ನು ಜಗ್ಗುತ್ತವೆ. ಅಮೆರಿಕದ ಜನರಲ್ ಮೋಟಾರ್ಸ್ 2014ರಲ್ಲಿ ಶೆವ್ರೊಲೆ ಕೋಬಾಲ್ಟ್ ಸೇರಿದಂತೆ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡ ಪ್ರಕರಣದಲ್ಲಿ ದೋಷವಿದ್ದುದು ಸ್ವಿಚ್ಚಿನಲ್ಲಿ. ಆದರೆ ಬಂಚಿನ ತೂಕದಿಂದಲೂ ಕೀ ಎಂಜಿನ್ ಓಡುವ ಸ್ಥಾನದಿಂದ ಜಾರಬಹುದಾಗಿದ್ದ ಕಾರಣ, ದುರಸ್ತಿಯಾಗುವವರೆಗೆ ಕೀಯೊಂದನ್ನೇ ಬಳಸಬೇಕೆಂದು ಕಂಪನಿ ಗ್ರಾಹಕರಿಗೆ ಸೂಚಿಸಿತ್ತು.

ಬೀಗ ಬದಲಿಸಿದ ಮೇಲೆ ಬಿಲ್ ಪಾವತಿಸುವ ಮುನ್ನ ಗ್ಯಾರೇಜಿನಲ್ಲಿಯೇ ಲಾಕ್, ಎಸಿಸಿ, ಆನ್, ಸ್ಟಾರ್ಟ್ ನಾಲ್ಕೂ ಸ್ಥಾನಗಳಲ್ಲಿ ಕೀ ತಿರುಗಿಸಿ ನೋಡಿ, ಸ್ಟಾರ್ಟ್‌ನಿಂದ ಬಿಟ್ಟಾಗ ಅದು ತಾನಾಗಿ ಆನ್‌ಗೆ ಮರಳುವುದನ್ನು ಖಚಿತಪಡಿಸಿಕೊಳ್ಳಿ. ಕೀ ಲಾಕ್ ಸ್ಥಾನದಲ್ಲಿ ಮಾತ್ರ ಹೊರಬರಬೇಕು. ಎಸಿಸಿಯಲ್ಲೋ ಆನ್‌ನಲ್ಲೋ ಹೊರಬಂದರೆ ಕೆಲಸ ಸರಿಯಾಗಿಲ್ಲ. ಕೊನೆಗೆ ಕೀ ತೆಗೆದು ಸ್ಟೀರಿಂಗ್ ತಿರುಗಿಸಿ ಲಾಕ್ ಬೀಳಿಸಿ, ಅದು ಎರಡು ಬೆರಳಿನ ಬಲಕ್ಕೆ ಬಿಡುತ್ತದೆಯೇ ಎಂದು ಸ್ಪೇರ್ ಕೀಯಿಂದಲೂ ಪರೀಕ್ಷಿಸಿ.