ಬಿಳಿ ಮಚ್ಚೆ: ಡಾಕ್ಟರನ್ನು ಹುಡುಕುವ ಮುನ್ನ ಬಸ್ಸಿನ ದಾರಿ ನೋಡಿ

ಮೈಮೇಲೆ ಬಿಳಿ ಮಚ್ಚೆಯೊಂದು ಕಂಡರೆ ನಮ್ಮ ಕರಾವಳಿಯಲ್ಲಿ ಡಾಕ್ಟರಿಗಿಂತ ಮೊದಲು ನೆನಪಾಗುವುದು ಎರಡು: ನಾಗದೋಷ, ಮೀನೂಟದ ಮೇಲೆ ಕುಡಿದ ಹಾಲು. ಮೀನು-ಹಾಲಿಗೂ ತೊನ್ನಿಗೂ ನಂಟಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿ ಬೀಳುವುದರಿಂದ ಬರುವ ತೊಂದರೆ ಇದು; ಅಂಟುವುದಿಲ್ಲ. ಸುಬ್ರಹ್ಮಣ್ಯಕ್ಕೆ ಹೋಗುವವರು ಹೋಗಿ ಬರಲಿ, ಆದರೆ ಡಾಕ್ಟರ ಭೇಟಿಯನ್ನು ಷಷ್ಠಿಯವರೆಗೆ ಮುಂದೂಡುವುದು ಬೇಡ. ಹೊಸ ಮಚ್ಚೆಗೆ ಮದ್ದು ಬೇಗ ಹಿಡಿಯುತ್ತದೆ.

ಮೊದಲು, ಅದು ತೊನ್ನು ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲಿನ ಬೆವರಿಗೆ ಬೆನ್ನು, ಎದೆಯಲ್ಲಿ ಏಳುವ ಸಿಬ್ಬೂ ಬಿಳಿಯಾಗಿಯೇ ಕಾಣುತ್ತದೆ. ಕೆರೆದರೆ ಹಿಟ್ಟಿನಂತೆ ಉದುರುತ್ತದೆ. ಮುಟ್ಟಿದರೆ ತಿಳಿಯದ ಮಚ್ಚೆಗೆ ಕುಷ್ಠದ ಪರೀಕ್ಷೆ ಆಗಬೇಕು. ಹಣೆಯಲ್ಲಿ ಸ್ಟಿಕ್ಕರ್ ಬೊಟ್ಟು ಇಡುವ ಜಾಗವಷ್ಟೇ ದುಂಡಗೆ ಬೆಳ್ಳಗಾಗಿದ್ದರೆ ಬೊಟ್ಟಿನ ಅಂಟಿನ ಮೇಲೇ ಅನುಮಾನ; ಆ ಬೊಟ್ಟಿನ ಪ್ಯಾಕೆಟ್ಟನ್ನೂ ಒಯ್ಯಿರಿ. ಕತ್ತಲೆ ಕೋಣೆಯಲ್ಲಿ ಡಾಕ್ಟರು ವುಡ್ಸ್ ದೀಪ ಎಂಬ ಅತಿನೇರಳೆ ಬೆಳಕಿನ ದೀಪ ಹಿಡಿದರೆ ತೊನ್ನು ಸುಣ್ಣ ಬಳಿದಂತೆ ಹೊಳೆಯುತ್ತದೆ.

ಡಾಕ್ಟರುಗಳಿಗೆ ಇಲ್ಲಿ ಬರವಿಲ್ಲ. ಮಂಗಳೂರಿನಲ್ಲಿ ಹಂಪನಕಟ್ಟೆಯ ವೆನ್‌ಲಾಕ್, ಅತ್ತಾವರದ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಿವೆ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಣಿಪಾಲದ ಕಸ್ತೂರ್ಬಾ. ಖಾಸಗಿ ಕ್ಲಿನಿಕ್ ಆದರೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇದೆಯೇ ನೋಡಿ. ‘ಸ್ಕಿನ್’ ಎಂಬ ಬೋರ್ಡು ಮಾತ್ರ ಸಾಲದು.

ಅಪಾಯಿಂಟ್‌ಮೆಂಟಿಗೆ ಫೋನ್ ಮಾಡಿದಾಗಲೇ ಇದನ್ನು ಕೇಳಿ: ನ್ಯಾರೋಬ್ಯಾಂಡ್ ಯುವಿಬಿ ಯಂತ್ರ (ಮಚ್ಚೆಗೆ ಅತಿನೇರಳೆ ಬೆಳಕಿನ ಚಿಕಿತ್ಸೆ ಕೊಡುವ ಯಂತ್ರ) ಇದೆಯೇ, ಯಾವ ದಿನ, ಎಷ್ಟು ಗಂಟೆಯವರೆಗೆ, ಒಂದು ಸಲಕ್ಕೆ ಎಷ್ಟು ಹಣ? ನನ್ನ ಮಟ್ಟಿಗೆ ಡಾಕ್ಟರ ಹೆಸರಿಗಿಂತ ಈ ಉತ್ತರ ದೊಡ್ಡದು. ಒಂದೆರಡು ಮಚ್ಚೆಯಾದರೆ ಮುಲಾಮು ಸಾಕಾಗಬಹುದು. ಹರಡಿದ್ದರೆ ಬೆಳಕಿನ ಚಿಕಿತ್ಸೆಯೇ ಮುಖ್ಯ. ಕಪ್ಪು ಕನ್ನಡಕ ಹಾಕಿ, ಬೀರುವಿನಂಥ ಪೆಟ್ಟಿಗೆಯೊಳಗೆ ನಿಲ್ಲಬೇಕು. ಆರಂಭದಲ್ಲಿ ಒಂದು ನಿಮಿಷವೂ ಹಿಡಿಯದು. ಆದರೆ ವಾರಕ್ಕೆ ಎರಡು ಮೂರು ಸಲ, ಕನಿಷ್ಠ ಆರು ತಿಂಗಳು! ಬೈಂದೂರಿನವರು ಮಂಗಳೂರಿನ ದೊಡ್ಡ ಹೆಸರನ್ನು ನೆಚ್ಚಿದರೆ ಮೂರನೇ ವಾರಕ್ಕೆ ದಣಿಯುತ್ತಾರೆ. ಅವರಿಗೆ ಮಣಿಪಾಲವೇ ಸರಿ, ಕುಂದಾಪುರದಲ್ಲೇ ಯಂತ್ರ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮೊದಲ ಭೇಟಿಯಲ್ಲಿ ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ. ತೊನ್ನಿನ ಜತೆಗೆ ಥೈರಾಯ್ಡ್ ತೊಂದರೆಯೂ ಇರುವುದುಂಟು. ಚರ್ಮ ಕಸಿಯ ಮಾತು ಬಂದರೆ, ಸಾಮಾನ್ಯವಾಗಿ ಅದು ಒಂದು ವರ್ಷ ಮಚ್ಚೆ ಬೆಳೆಯದೆ ನಿಂತವರಿಗೆ. ಮುಖದಲ್ಲಿ ಬಣ್ಣ ಬೇಗ ಮರಳುತ್ತದೆ, ಬೆರಳ ತುದಿ, ತುಟಿ ಹಟಮಾರಿಗಳು. ಇದನ್ನು ಮೊದಲೇ ಹೇಳುವ ಡಾಕ್ಟರನ್ನು ನಂಬಬಹುದು.

‘ಗ್ಯಾರಂಟಿ ಗುಣ’ ಎನ್ನುವವರನ್ನು ನಂಬಬೇಡಿ. ತೊನ್ನು ವಾಸಿ ಮಾಡುವುದಾಗಿ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ನಿಂತರೆ ಬೊಬ್ಬೆ ಏಳಬಹುದು. ಇಂಥ ಮದ್ದನ್ನು ಯಾರ ಕೈಯಿಂದ ತೆಗೆದುಕೊಂಡರೂ ಡಾಕ್ಟರಿಗೆ ತಿಳಿಸಿ.

ತಿಂಗಳಿಗೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬಣ್ಣ ಮರಳುವಾಗ ಹೆಚ್ಚಾಗಿ ರೋಮದ ಬುಡದಲ್ಲಿ ಎಳ್ಳಿನಂಥ ಕಂದು ಚುಕ್ಕೆಗಳು ಮೂಡುತ್ತವೆ. ದಿನಾ ಕನ್ನಡಿ ನೋಡುವವರಿಗೆ ಅವು ಕಾಣುವುದಿಲ್ಲ, ಹಿಂದಿನ ತಿಂಗಳ ಫೋಟೊ ಪಕ್ಕದಲ್ಲಿದ್ದರೆ ಕಾಣುತ್ತವೆ.